ಒಂದು ಹವಳದ ದಿಬ್ಬದಲ್ಲಿ ಎಲ್ಲಿ ನೋಡಿದರೂ ಸ್ಪಂಜು, ಇನ್ನೊಂದರಲ್ಲಿ ಹುಡುಕಿದರೂ ಇಲ್ಲ. ಯಾಕೆ?

ತೀರ್ಥಹಳ್ಳಿ_ರಾಘು:

ಎಲ್ಲರಿಗೂ ನಮಸ್ಕಾರ. ಕಡಲ ಜೀವಿಗಳ ಬಗ್ಗೆ ಬಲ್ಲವರು ಇಲ್ಲಿ ಒಬ್ಬಿಬ್ಬರು ಇದ್ದಾರೆ ಅಂತ ಹಳೇ ಚರ್ಚೆಗಳನ್ನು ನೋಡಿ ಗೊತ್ತಾಯಿತು. ಅದಕ್ಕೇ ಕೇಳುತ್ತಿದ್ದೇನೆ.

ನಾನು ಹ್ಯೂಸ್ಟನ್‌ನಲ್ಲಿ ಇದ್ದೇನೆ. ಡೈವಿಂಗ್ ಕಲಿತು ಜಾಸ್ತಿ ದಿನ ಆಗಿಲ್ಲ. ಇತ್ತೀಚೆಗೆ ಮನೆಯವರೆಲ್ಲ ಬೋನೇರ್‌ಗೆ ಹೋಗಿದ್ದೆವು. ಕೆರಿಬಿಯನ್ ಸಮುದ್ರದಲ್ಲಿ, ವೆನೆಜುವೆಲಾದ ಎದುರಿಗೆ ಇರುವ ಪುಟ್ಟ ದ್ವೀಪ ಅದು. ಅಲ್ಲಿ ನೀರಿಗಿಳಿದರೆ ಹವಳಕ್ಕಿಂತ ಮೊದಲು ಸ್ಪಂಜೇ ಕಣ್ಣಿಗೆ ಬೀಳುತ್ತದೆ. ನೇರಳೆ ಕೊಳವೆ, ಹಳದಿ ಕೊಳವೆ, ಕೆಳಗೆ ಜೋತುಬಿದ್ದ ಕೆಂಪು ಹಗ್ಗ, ಕಂದು ಬಣ್ಣದ ಪೀಪಾಯಿ. ಆ ಪೀಪಾಯಿಗಳಲ್ಲಿ ಒಂದರೊಳಗೆ ನನ್ನ ಮಗಳು ಆರಾಮಾಗಿ ಕೂರಬಹುದಿತ್ತು. ಕೂರಿಸಲಿಲ್ಲ, ಬೈಯಬೇಡಿ.

ಅದಕ್ಕೂ ಮುಂಚೆ ಆಸ್ಟ್ರೇಲಿಯಾದಲ್ಲಿ ಭಾವನ ಮನೆಗೆ ಹೋಗಿದ್ದಾಗ ಕೇರ್ನ್ಸ್‌ನಿಂದ ಗ್ರೇಟ್ ಬ್ಯಾರಿಯರ್ ರೀಫ್‌ನ ಹೊರಗಿನ ದಿಬ್ಬಗಳನ್ನು ನೋಡಿ ಬಂದಿದ್ದೆ. ಹವಳಕ್ಕೆ ಅಲ್ಲಿ ಬರವಿಲ್ಲ. ಆದರೆ ಸ್ಪಂಜು ನೋಡಿದ ನೆನಪೇ ಇಲ್ಲ. ಫೋಟೋಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಒಂದರಲ್ಲಿ ಮಾತ್ರ ಬೂದು ಬಣ್ಣದ ದಪ್ಪ ಎಲೆಯಂಥದ್ದು ಏನೋ ಇದೆ.

ಬೋನೇರ್‌ನ ಗೈಡ್‌ನನ್ನು ಕೇಳಿದರೆ "ನಮ್ಮ ನೀರು ಚೊಕ್ಕವಾಗಿದೆ, ಅದಕ್ಕೇ ಸ್ಪಂಜು ಜಾಸ್ತಿ" ಅಂದ. ಆಸ್ಟ್ರೇಲಿಯಾದ ನೀರು ಇನ್ನೂ ತಿಳಿಯಾಗಿತ್ತಲ್ಲ ಮಾರಾಯ್ರೇ! ಹಾಗಾದರೆ ಸ್ಪಂಜಿನ ವೈವಿಧ್ಯ ನಿಜಕ್ಕೂ ಕೆರಿಬಿಯನ್‌ನಲ್ಲೇ ಜಾಸ್ತಿಯಾ? ಒಂದು ದಿಬ್ಬಕ್ಕೂ ಇನ್ನೊಂದಕ್ಕೂ ಇಷ್ಟು ವ್ಯತ್ಯಾಸ ಯಾಕೆ?

---

ಅಘನಾಶಿನಿ:

ರಾಘು, ಗೈಡ್ ಹೇಳಿದ್ದು ತಲೆಕೆಳಗಾಗಿದೆ. ತೀರಾ ಚೊಕ್ಕ ನೀರಿನಲ್ಲಿ ಸ್ಪಂಜು ಉಪವಾಸ ಬೀಳುತ್ತದೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಕುಮಟಾ ಕಡೆಯವಳು, ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿದೆ. ಮದುವೆಯಾಗಿ ಟೌನ್ಸ್‌ವಿಲ್‌ಗೆ ಬಂದ ಮೇಲೆ ಒಂದು ಲ್ಯಾಬಿನಲ್ಲಿ ಸ್ಪಂಜು ವಿಂಗಡಿಸುವ ಕೆಲಸ ಸಿಕ್ಕಿತು. ವಿಜ್ಞಾನಿ ಅಂತ ಕರೆಯಬೇಡಿ. ವಿಜ್ಞಾನಿಗಳು ತಂದಿಟ್ಟ ಡಬ್ಬಿಗಳ ಮುಚ್ಚಳ ತೆಗೆದು, ಒಳಗಿರುವುದು ಯಾವ ಜಾತಿ ಅಂತ ತಲೆ ಕೆರೆದುಕೊಳ್ಳುವುದು ನನ್ನ ಕೆಲಸ.

ಸ್ಪಂಜು ಒಂದು ಪ್ರಾಣಿ, ಬದುಕುವುದು ನೀರು ಸೋಸಿ. ಮೈತುಂಬ ಸಣ್ಣ ತೂತು. ಒಳಗೆ ಚಾಟಿಯಂಥ ಎಳೆ ಬೀಸುವ ಜೀವಕೋಶಗಳು. ಅವು ನೀರನ್ನು ಎಳೆದುಕೊಂಡು, ಅದರಲ್ಲಿರುವ ಬ್ಯಾಕ್ಟೀರಿಯಾ, ಬಲು ಸಣ್ಣ ಪಾಚಿ ಹಿಡಿದು, ಉಳಿದ ನೀರನ್ನು ದೊಡ್ಡ ಬಾಯಿಂದ ಹೊರಗೆ ಬಿಡುತ್ತವೆ. ಕೆಲವು ಜಾತಿಗಳು ದಿನಕ್ಕೆ ತಮ್ಮ ಗಾತ್ರದ ಹತ್ತಾರು ಸಾವಿರ ಪಟ್ಟು ನೀರನ್ನು ಹೀಗೆ ಸೋಸುತ್ತವೆ. ನೀರಲ್ಲಿ ತಿನ್ನಲು ಏನಾದರೂ ಇದ್ದರೆ ತಾನೇ ಸೋಸಿ ಲಾಭ? ಕೆರಿಬಿಯನ್ ಒಂದು ರೀತಿಯಲ್ಲಿ ಸುತ್ತುವರಿದ ಸಮುದ್ರ. ಅಮೆಜಾನ್, ಓರಿನೋಕೊದಂಥ ಮಹಾನದಿಗಳ ನೀರು ಆ ಕಡೆಗೆ ಹರಿದು ಬರುತ್ತದೆ. ಕೇರ್ನ್ಸ್‌ನ ಹೊರಗಿನ ದಿಬ್ಬಗಳಿಗೆ ಕೋರಲ್ ಸಮುದ್ರದ ನೀಲಿ ನೀರು ಬರುತ್ತದೆ. ನೋಡಲು ಚೆಂದ, ಸೋಸಿದರೆ ಏನೂ ಸಿಗುವುದಿಲ್ಲ.

ನೀವು ಕಂಡ ವ್ಯತ್ಯಾಸವನ್ನು ಅಳತೆ ಮಾಡಿ ತೋರಿಸಿದವರು ಇದೇ ಟೌನ್ಸ್‌ವಿಲ್‌ನ ಹತ್ತಿರ, ಆಸ್ಟ್ರೇಲಿಯಾದ ಕಡಲ ವಿಜ್ಞಾನ ಸಂಸ್ಥೆಯಲ್ಲಿದ್ದ ಕ್ಲೈವ್ ವಿಲ್ಕಿನ್ಸನ್. ಕೆರಿಬಿಯನ್ ದಿಬ್ಬಗಳಲ್ಲಿ ಸ್ಪಂಜಿನ ಒಟ್ಟು ತೂಕ ಗ್ರೇಟ್ ಬ್ಯಾರಿಯರ್ ರೀಫ್‌ಗಿಂತ ಐದಾರು ಪಟ್ಟು ಜಾಸ್ತಿ ಅಂತ ಅವರು 1987ರಲ್ಲಿ ಬರೆದರು. ಹಾಗಾಗಿ ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ.

ಇನ್ನು ಆ ಬೂದು ಎಲೆ. ಫೋಟೋ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಹೇಳುವ ಲಕ್ಷಣ ಫಿಲೋಸ್ಪಾಂಜಿಯಾ ಅಥವಾ ಕಾರ್ಟೀರಿಯೋಸ್ಪಾಂಜಿಯಾ ಎಂಬ ಸ್ಪಂಜಿಗೆ ಸರಿಹೊಂದುತ್ತದೆ. ಅದು ಎಲೆಯ ಹಾಗೆ ಇರುವುದಕ್ಕೂ ಕಾರಣ ಇದೆ. ಅದರ ಮೈಯೊಳಗೆ ಸಯನೋಬ್ಯಾಕ್ಟೀರಿಯಾ ಇರುತ್ತವೆ. ಬಿಸಿಲು ಹಿಡಿದು ಅವು ಅಡುಗೆ ಮಾಡುತ್ತವೆ, ಸ್ಪಂಜು ಕೂತಲ್ಲೇ ಊಟ ಮಾಡುತ್ತದೆ. ಬಿಸಿಲು ಹಿಡಿಯಬೇಕಾದರೆ ಮೈ ತೆಳುವಾಗಿ, ಅಗಲವಾಗಿ ಹರಡಿಕೊಳ್ಳಬೇಕಲ್ಲ. ಟೌನ್ಸ್‌ವಿಲ್‌ನಿಂದ ಹೊರಗೆ ಡೇವಿಸ್ ರೀಫ್ ಅಂತ ಇದೆ. ಅದರ ಹೊರ ಇಳಿಜಾರಿನಲ್ಲಿ ಸಿಗುವ ಹತ್ತು ಸ್ಪಂಜು ಜಾತಿಗಳನ್ನು ವಿಲ್ಕಿನ್ಸನ್ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಆರು ಜಾತಿಗಳು ತಾವು ಉಸಿರಾಡಲು ಬಳಸುವುದಕ್ಕಿಂತ ಜಾಸ್ತಿ ಆಮ್ಲಜನಕ ಹೊರಬಿಡುತ್ತಿದ್ದವು, ಮೂರು ಪಟ್ಟಿನವರೆಗೂ. ಪ್ರಾಣಿಯಾಗಿ ಹುಟ್ಟಿ ಗಿಡದ ಹಾಗೆ ಸಂಸಾರ ಮಾಡುತ್ತವೆ! ಬೋನೇರ್‌ನ ಕೊಳವೆ, ಪೀಪಾಯಿಗಳ ಆಕಾರ ಬೇರೆ, ಅವಕ್ಕೆ ಸೋಸುವುದೇ ಮುಖ್ಯ ಕಸುಬು. ಅಲ್ಲೂ ಸಯನೋಬ್ಯಾಕ್ಟೀರಿಯಾ ಸಾಕಿಕೊಂಡ ಜಾತಿಗಳಿವೆ, ಆದರೆ ಅದರ ಮೇಲೇ ಇಷ್ಟು ನಂಬಿಕೊಂಡು ಬದುಕುವವು ಕಡಿಮೆ.

ಇದು ಎರಡು ಸಮುದ್ರಗಳ ನಡುವಿನ ವ್ಯತ್ಯಾಸ. ನನಗೆ ಇದಕ್ಕಿಂತ ರುಚಿ ಅನ್ನಿಸುವುದು ಒಂದೇ ಸಮುದ್ರದೊಳಗಿನ ವ್ಯತ್ಯಾಸ. ನಮ್ಮ ದಡದ ಹತ್ತಿರ ಮ್ಯಾಗ್ನೆಟಿಕ್ ದ್ವೀಪ ಇದೆ, ಫೆರಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಬರ್ಡಕಿನ್‌ನಂಥ ನದಿಗಳ ಮಣ್ಣು ಈ ಕಡೆಯ ನೀರಿಗೆ ಸೇರುತ್ತದೆ. ನೀರು ಮಂಕು, ಕೆಲವು ದಿನ ಚಾಚಿದ ಕೈ ಕಾಣುವುದಿಲ್ಲ. ಎಲೆ ಸ್ಪಂಜು ಅಲ್ಲಿ ಬೆಳೆಯುವುದಿಲ್ಲ ಅಂತಲೇ ಹೇಳಬಹುದು. ದಪ್ಪ ದಪ್ಪ, ಉಬ್ಬಿದ, ಕವಲೊಡೆದ ಸೋಸುವ ಸ್ಪಂಜುಗಳದ್ದೇ ರಾಜ್ಯ. ಹೊರಗೆ ಹೋಗುತ್ತಾ ಹೋದಂತೆ ಪಟ್ಟಿ ನಿಧಾನಕ್ಕೆ ಬದಲಾಗುತ್ತದೆ. ಡಬ್ಬಿಯ ಮೇಲಿನ ಚೀಟಿ ನೋಡದೆ ಒಳಗಿನ ಸ್ಪಂಜು ನೋಡಿಯೇ "ಇದು ಒಳದಿಬ್ಬದ್ದು, ಇದು ಹೊರದಿಬ್ಬದ್ದು" ಅಂತ ನಮ್ಮ ಲ್ಯಾಬಿನಲ್ಲಿ ಪಂದ್ಯ ಕಟ್ಟುತ್ತಿದ್ದೆವು. ಗೆದ್ದವರಿಗೆ ಕಾಫಿ.

ಒಂದೇ ದಿಬ್ಬದ ಮೇಲೂ ಹೀಗೇ. ಅಲೆ ಹೊಡೆಯುವ ಮೇಲಿನ ಕೆಲವು ಮೀಟರ್‌ಗಳಲ್ಲಿ ಸ್ಪಂಜು ಕಡಿಮೆ. ಹತ್ತು ಹದಿನೈದು ಮೀಟರ್ ದಾಟಿದ ಮೇಲೆ ಜಾಸ್ತಿ. ಪ್ರವಾಸಿಗರನ್ನು ಇಳಿಸುವುದು ಮೇಲಿನ ಭಾಗದಲ್ಲಿ, ಅಲ್ಲವಾ?

ಈಗ ನಿಮ್ಮ ಮೊದಲ ಪ್ರಶ್ನೆ. ಕೆರಿಬಿಯನ್‌ನಲ್ಲಿ ತೂಕ ಜಾಸ್ತಿ. ಬಗೆಗಳು ಜಾಸ್ತಿ ಅಂತ ಅದರಿಂದ ಹೇಳುವ ಹಾಗಿಲ್ಲ. ಇಂಡೋನೇಷ್ಯಾ, ಆಸ್ಟ್ರೇಲಿಯಾದ ಕಡೆ ಜಾತಿಗಳು ವಿಪರೀತ. ಜಗತ್ತಿನಲ್ಲಿ ಹೆಸರಿಟ್ಟ ಸ್ಪಂಜು ಜಾತಿಗಳು 9,000ಕ್ಕೂ ಮೇಲೆ ಇವೆ, ಹೆಸರಿಡದವು ಡಬ್ಬಿಗಳಲ್ಲಿ ನಂಬರು ಹೊತ್ತು ಕೂತಿವೆ. ಕೆರಿಬಿಯನ್ ದಿಬ್ಬಗಳಲ್ಲಿ ಕೆಲವೇ ಜಾತಿಗಳು ದೊಡ್ಡದಾಗಿ, ಎದ್ದು ಕಾಣುವ ಹಾಗೆ ಬೆಳೆದಿರುತ್ತವೆ. 12 ದೇಶಗಳ 69 ತಾಣಗಳಲ್ಲಿ ಎಣಿಸಿದಾಗ ನೂರಕ್ಕೂ ಜಾಸ್ತಿ ಜಾತಿ ಸಿಕ್ಕವು, ಆದರೆ ಒಟ್ಟು ಸ್ಪಂಜಿನ ಅರ್ಧದಷ್ಟು ಹತ್ತೇ ಜಾತಿಗಳದ್ದು. ಈ ಕಡೆ ಸಣ್ಣ ಸಣ್ಣವು, ಚದುರಿದವು, ಅಡಗಿದವು.

ಅಡಗಿದವು ಅಂದೆನಲ್ಲ, ಅದೇ ಮುಖ್ಯ. ದಿಬ್ಬದ ಬಿಸಿಲು ಬೀಳುವ ಮುಖ ಹವಳದ್ದು. ಸ್ಪಂಜಿನ ಊರು ಇರುವುದು ಕೆಳಗೆ, ಚಪ್ಪಡಿಯ ಅಡಿಯಲ್ಲಿ, ಬಿರುಕಿನಲ್ಲಿ, ಗುಹೆಯ ಚಾವಣಿಯಲ್ಲಿ. ಸತ್ತ ಹವಳದ ಒಂದು ತಟ್ಟೆಯನ್ನು ಮಗುಚಿದರೆ ಅಡಿಯಲ್ಲಿ ಕಿತ್ತಳೆ, ಹಳದಿ, ನೀಲಿ, ಬಿಳಿ ತೇಪೆಗಳು ಒಂದಕ್ಕೊಂದು ತಾಗಿಕೊಂಡು ಇರುತ್ತವೆ. ಒಂದೊಂದೂ ಉಗುರಿನಷ್ಟು ದಪ್ಪವೂ ಇಲ್ಲ. (ಮಗುಚಿದರೆ ಮತ್ತೆ ಹಾಗೇ ಇಡಬೇಕು. ಬಿಸಿಲು ಬಿದ್ದರೆ ಸಾಯುತ್ತವೆ.) ಇವನ್ನು ಎಣಿಸಲು ಈಗ ಪಿವಿಸಿ ಹಲಗೆಗಳನ್ನು ಒಂದರ ಮೇಲೊಂದು ಸಂದಿ ಬಿಟ್ಟು ಜೋಡಿಸಿ, ಒಂದೆರಡು ವರ್ಷ ಸಮುದ್ರದ ತಳದಲ್ಲಿ ಬಿಟ್ಟು, ಆಮೇಲೆ ಬಿಚ್ಚಿ ನೋಡುತ್ತಾರೆ. ಹವಾಯಿಯಲ್ಲಿ ಹೀಗೆ ನೋಡಿದಾಗ ಅಲ್ಲಿ ಇದುವರೆಗೆ ದಾಖಲಾಗದ ಎಷ್ಟೋ ಸ್ಪಂಜುಗಳು ಬಂದವು.

ಬೋನೇರ್ ಪಕ್ಕದ ಕ್ಯುರಸಾವ್ ದ್ವೀಪದಲ್ಲಿ ಈ ಅಡಗಿದ ಸ್ಪಂಜುಗಳ ಬಗ್ಗೆ ಬಹಳ ಒಳ್ಳೆಯ ಕೆಲಸ ಆಗಿದೆ. ಯಾಸ್ಪರ್ ಡಿ ಗೂಯ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ್ದು. ಹವಳ, ಪಾಚಿ ನೀರಿಗೆ ಬಿಡುವ ಕರಗಿದ ಸಕ್ಕರೆಯಂಥ ವಸ್ತುಗಳನ್ನು ಬೇರೆ ಯಾವ ಪ್ರಾಣಿಯೂ ಸುಲಭಕ್ಕೆ ತಿನ್ನಲಾರದು. ಬಿರುಕಿನ ಸ್ಪಂಜು ಅದನ್ನು ಹೀರಿಕೊಂಡು, ತನ್ನ ಹಳೇ ಜೀವಕೋಶಗಳನ್ನು ಚೂರುಚೂರಾಗಿ ಉದುರಿಸುತ್ತದೆ. ಅದನ್ನು ಹುಳಗಳು, ಏಡಿಗಳು ತಿನ್ನುತ್ತವೆ. ಹ್ಯಾಲಿಸಾರ್ಕಾ ಎಂಬ ಒಂದು ಸ್ಪಂಜಿನ ಸೋಸುವ ಜೀವಕೋಶಗಳು ಐದಾರು ಗಂಟೆಗೊಮ್ಮೆ ಹೊಸದಾಗುತ್ತವೆ. ಅಷ್ಟು ತಿಂದೂ ಅದು ದಪ್ಪಗಾಗದೆ ಇದ್ದುದಕ್ಕೆ ಇದೇ ಕಾರಣ.

ಮುಂದಿನ ಸಲ ಟಾರ್ಚ್ ತಗೊಂಡು ಹೋಗಿ.

---

ಪ್ರಭು_ಮುರುಡೇಶ್ವರ:

ಅಕ್ಕಾ, ಸಮಾ ಹೇಳಿದ್ರಿ. ನಾನು ಸೀಸನ್‌ನಲ್ಲಿ ನೇತ್ರಾಣಿಗೆ ಡೈವರ್‌ಗಳನ್ನು ಕರೆದುಕೊಂಡು ಹೋಗುವವನು. ನಮ್ಮಲ್ಲಿ ಬಂಡೆ ಜಾಸ್ತಿ, ನಡುವೆ ನಡುವೆ ಹವಳ. ಬಂಡೆಯ ಅಡಿಯಲ್ಲಿ ಟಾರ್ಚ್ ಬಿಟ್ಟರೆ ಕಿತ್ತಳೆ ಬಣ್ಣದ ತೇಪೆಗಳು ಕಾಣುತ್ತವೆ, ಬಂದವರು ಅದನ್ನೇ ಹವಳ ಅಂದುಕೊಂಡು ಫೋಟೋ ತೆಗೆಯುತ್ತಾರೆ. ನಾನೂ ಸುಮ್ನೆ ಹೂಂ ಅಂತೇನೆ.

ನನ್ನದು ಎರಡು ಪ್ರಶ್ನೆ. ಮೀನುಗಳು ಸ್ಪಂಜು ತಿನ್ನುತ್ತವಾ? ಏಂಜಲ್‌ಫಿಶ್ ಬಂಡೆ ಸಂದಿಯಲ್ಲಿ ಏನನ್ನೋ ಕಚ್ಚಿ ಎಳೆಯುವುದನ್ನು ನೋಡಿದ್ದೇನೆ. ಇನ್ನೊಂದು, ರಾಮೇಶ್ವರದ ಕಡೆ ಪಾಕ್ ಕೊಲ್ಲಿಯಲ್ಲಿ ಒಂದು ಸಲ ಕೆಲಸಕ್ಕೆ ಹೋಗಿದ್ದಾಗ ಜೀವಂತ ಹವಳದ ಮೇಲೆ ಕಪ್ಪು ಪೇಂಟ್ ಬಳಿದ ಹಾಗೆ ಇತ್ತು. ಅಲ್ಲಿಯವರು ರೋಗ ಅಂದರು. ಒಬ್ಬ ಹುಡುಗ ಸ್ಪಂಜು ಅಂದ. ಯಾವುದು ನಿಜ?

---

ಲೆಕ್ಕದ_ಮೇಷ್ಟ್ರು:

ವಿಷಯ ಚೆನ್ನಾಗಿದೆ, ಆದರೆ ನನ್ನ ತಲೆಯಲ್ಲಿ ಹುಳ ಬಿಟ್ಟಿರಿ ತಾಯಿ. "ಐದಾರು ಪಟ್ಟು ತೂಕ", "ಅರ್ಧದಷ್ಟು ಹತ್ತೇ ಜಾತಿ" ಅಂತೆಲ್ಲ ಬರೆದಿದ್ದೀರಿ. ಎಣಿಸುವುದು ಹೇಗೆ? ಮರವಾದರೆ ಬುಡ ಎಣಿಸಬಹುದು. ಸ್ಪಂಜು ಹರಡಿಕೊಂಡರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ? ಮತ್ತೆ ಹುಡುಕಿದಷ್ಟೂ ಹೊಸದು ಸಿಗುವುದಾದರೆ ಒಂದು ದಿಬ್ಬಕ್ಕೂ ಇನ್ನೊಂದಕ್ಕೂ ಹೋಲಿಸಿದ್ದರಲ್ಲಿ ಅರ್ಥವೇನು? ನಲವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು, ಕೇಳದೆ ಇರಲಾರೆ.

---

ಅಘನಾಶಿನಿ:

ಮೇಷ್ಟ್ರೇ, ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಜಗಳ ಆಗುವುದೂ ಇದೇ ವಿಷಯಕ್ಕೆ.

ಮೂರು ದಾರಿ ಇವೆ. ತಲೆ ಎಣಿಸುವುದು, ಎಷ್ಟು ಜಾಗ ಮುಚ್ಚಿದೆ ಅಂತ ಅಳೆಯುವುದು, ಎಷ್ಟು ಗಾತ್ರ ಅಂತ ಅಳೆಯುವುದು. ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ. ರಾಘು ಕಂಡ ಪೀಪಾಯಿ ಸ್ಪಂಜು ನೆಲದ ಮೇಲೆ ಮುಚ್ಚುವುದು ಒಂದು ಬುಟ್ಟಿಯಷ್ಟು ಜಾಗ, ಆದರೆ ಅದರ ಗಾತ್ರ ಸುತ್ತಲಿನ ನೂರು ತೇಪೆ ಸ್ಪಂಜುಗಳನ್ನು ಸೇರಿಸಿದರೂ ಜಾಸ್ತಿ. ಮೇಲಿನಿಂದ ಫೋಟೋ ತೆಗೆದು ಜಾಗ ಅಳೆದರೆ ಪೀಪಾಯಿಗೆ ಅನ್ಯಾಯ. ತಲೆ ಎಣಿಸಿದರೆ ಹಗ್ಗದ ಸ್ಪಂಜಿಗೆ ಜಾಸ್ತಿ ಮಾರ್ಕ್ಸ್, ಯಾಕೆಂದರೆ ಅದು ಅಲೆಗೆ ತುಂಡಾಗಿ ಪ್ರತಿ ತುಂಡೂ ಬೇರೆ ಬೇರೂರುತ್ತದೆ. ನನ್ನ ಓಟು ಗಾತ್ರಕ್ಕೆ. ಎಷ್ಟು ನೀರು ಸೋಸುತ್ತದೆ ಅನ್ನುವುದು ಗಾತ್ರದ ಮೇಲೆ ನಿಂತಿದೆ. ಕಷ್ಟದ ಕೆಲಸ, ಒಂದೊಂದನ್ನೂ ಸ್ಕೇಲ್ ಹಿಡಿದು ಅಳೆಯಬೇಕು.

ಹಾಗೆ ಅಳೆದವರಲ್ಲಿ ನನಗೆ ಗೌರವ ಇರುವುದು ಅಮೆರಿಕದ ಜೇನಿ ವುಲ್ಫ್ ಮೇಲೆ. ಪನಾಮಾದ ಸ್ಯಾನ್ ಬ್ಲಾಸ್‌ನಲ್ಲಿ ಬರೀ 16 ಚದರ ಮೀಟರ್ ಜಾಗ ಹಿಡಿದುಕೊಂಡು, 1984ರಿಂದ 14 ವರ್ಷ, ಅದರಲ್ಲಿದ್ದ ಪ್ರತಿ ಸ್ಪಂಜನ್ನೂ ಮತ್ತೆ ಮತ್ತೆ ಅಳೆದರು. ಒಂದು ದೊಡ್ಡ ಕೋಣೆಯಷ್ಟೂ ಇಲ್ಲದ ಜಾಗ. ಮೊದಲು 39 ಜಾತಿ ಇದ್ದವು. ಕೊನೆಗೆ ಅದರಲ್ಲಿ 20 ಜಾತಿ ಮಾಯ. ಅಗಲವಾಗಿ ಸಾವಿರ ಮೀಟರ್ ಈಜಿ ಒಂದೇ ಸಲ ಎಣಿಸಿ ಬಂದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಜಾತಿ ಗುರುತಿಸುವುದೇ ಇನ್ನೊಂದು ತಲೆನೋವು. ಬಣ್ಣ, ಆಕಾರ ನಂಬುವ ಹಾಗಿಲ್ಲ. ಒಂದೇ ಜಾತಿ ಅಲೆ ಇರುವ ಕಡೆ ಚಪ್ಪಟೆ, ಇಲ್ಲದ ಕಡೆ ಕವಲು. ಆಲ್ಕೋಹಾಲಿಗೆ ಹಾಕಿದರೆ ಬಣ್ಣ ಹೋಗಿ ಎಲ್ಲವೂ ಒಂದೇ ಥರ ಮಾಸಲು. ಏಪ್ಲಿಸಿನಾ ಅಂತ ಹಳದಿ ಕೊಳವೆ ಇದೆ, ನೀರಿಂದ ಎತ್ತಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಹಾಗಾಗಿ ಚೂರು ಕತ್ತರಿಸಿ, ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ನೆನೆಸುತ್ತೇವೆ. ಮಾಂಸ ಕರಗಿ ಗಾಜಿನಂಥ ಸಿಲಿಕಾ ಮುಳ್ಳುಗಳು ತಳದಲ್ಲಿ ಉಳಿಯುತ್ತವೆ. ತೊಳೆದು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಸೂಜಿ, ಮೊಳೆ, ಲಂಗರು, ನಕ್ಷತ್ರ, ಒಂದೊಂದು ಜಾತಿಗೆ ಒಂದೊಂದು ಮೇಳ. ಆ ಮುಳ್ಳೇ ಇಲ್ಲದ ಸ್ಪಂಜುಗಳೂ ಇವೆ, ಬರೀ ನಾರು. ಅವು ಬಂದ ದಿನ ಮಧ್ಯಾಹ್ನದ ಊಟ ಸೇರುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಡಿಎನ್‌ಎ ಬೇರೆ ಕಥೆ ಹೇಳಬಹುದು. ಪೀಪಾಯಿ ಸ್ಪಂಜನ್ನು ಕೆರಿಬಿಯನ್‌ನಲ್ಲಿ ಒಂದು ಜಾತಿ, ಇಂಡೋ-ಪೆಸಿಫಿಕ್‌ನಲ್ಲಿ ಇನ್ನೊಂದು ಜಾತಿ ಅಂತ ಬಹಳ ಕಾಲ ಬರೆದುಕೊಂಡು ಬಂದರು. ಈಗ ಎರಡೂ ಕಡೆ ಆ ಒಂದೊಂದರೊಳಗೆ ಹಲವು ಜಾತಿ ಅಡಗಿರುವ ಹಾಗೆ ಕಾಣುತ್ತಿದೆ.

ಹೋಲಿಕೆಯ ಅರ್ಥ ಕೇಳಿದಿರಿ. ಒಟ್ಟು ಜಾತಿ ಎಷ್ಟು ಅನ್ನುವ ಸಂಖ್ಯೆಗೆ ನಾನೂ ಜಾಸ್ತಿ ಬೆಲೆ ಕೊಡುವುದಿಲ್ಲ. ಹುಡುಕಿದವರ ತಾಳ್ಮೆಯನ್ನು ಅದು ಅಳೆಯುತ್ತದೆ ಅಷ್ಟೇ. ಅದೇ ಜನ, ಅದೇ ಹೊತ್ತು, ಅದೇ ಆಳ, ಅದೇ ಅಳತೆಯ ಚೌಕದಲ್ಲಿ ನೋಡಿ, ಎರಡು ಕಡೆಯ ಪಟ್ಟಿಯಲ್ಲಿ ಎಷ್ಟು ಹೆಸರು ಒಂದೇ ಅಂತ ನೋಡಿದರೆ ಅರ್ಥ ಇದೆ. ಇಂಡೋನೇಷ್ಯಾದ ಮಕಾಸರ್ ಎದುರಿಗೆ ಸ್ಪೆರ್ಮೊಂಡೆ ದ್ವೀಪಗಳಲ್ಲಿ ನಿಕೋಲ್ ಡಿ ವೋಗ್ಡ್ ಹೀಗೇ ನೋಡಿದರು. ದಡದಿಂದ ಎಷ್ಟು ದೂರ, ಎಷ್ಟು ಆಳ, ಈ ಎರಡು ಬದಲಾದರೆ ಪಟ್ಟಿ ಬದಲಾಗುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಕ್ವೀನ್ಸ್‌ಲ್ಯಾಂಡ್ ಮ್ಯೂಸಿಯಂನ ಜಾನ್ ಹೂಪರ್ ಅವರ ಪಟ್ಟಿಗಳನ್ನು ನೋಡಿದರೆ ಅಕ್ಕಪಕ್ಕದ ದಿಬ್ಬಗಳಿಗೂ ಎಷ್ಟೋ ಹೆಸರು ಹೊಂದುವುದಿಲ್ಲ. ಒಂದೇ ತಾಣದಲ್ಲಿ ಮಾತ್ರ ಸಿಕ್ಕ ಜಾತಿಗಳೇ ರಾಶಿ. ಸ್ಪಂಜಿನ ಮರಿ ನೀರಲ್ಲಿ ಈಜುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಅಷ್ಟರಲ್ಲಿ ಎಲ್ಲಾದರೂ ಅಂಟಿಕೊಳ್ಳಬೇಕು. ದೂರದ ದಿಬ್ಬಕ್ಕೆ ತಲುಪುವುದು ಅದೃಷ್ಟದ ಮಾತು. ಹಾಗಾಗಿ ಬೆಳಕು, ಊಟ, ಕೆಸರು ಎಲ್ಲ ಒಂದೇ ಥರ ಇರುವ ಎರಡು ದಿಬ್ಬಗಳಲ್ಲೂ ಬೇರೆ ಬೇರೆ ಸ್ಪಂಜು ಇದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಪ್ರಭು, ಈಗ ನಿಮ್ಮದು. ತಿನ್ನುತ್ತವೆ, ಚೆನ್ನಾಗಿ ತಿನ್ನುತ್ತವೆ. ಏಂಜಲ್‌ಫಿಶ್‌ಗಳಲ್ಲಿ ಹಲವಕ್ಕೆ ಸ್ಪಂಜೇ ಮುಖ್ಯ ಆಹಾರ. ಹಾಕ್ಸ್‌ಬಿಲ್ ಆಮೆಯದ್ದು ಇನ್ನೂ ಜೋರು. ಕೆರಿಬಿಯನ್‌ನಲ್ಲಿ ಅವುಗಳ ಹೊಟ್ಟೆ ಪರೀಕ್ಷಿಸಿ ಆನ್ ಮೇಲನ್ 1988ರಲ್ಲಿ ಬರೆದಿದ್ದಾರೆ: ತಿಂದದ್ದರಲ್ಲಿ ಶೇಕಡ 95ರಷ್ಟು ಸ್ಪಂಜು. ಆ ಗಾಜಿನ ಮುಳ್ಳುಗಳ ಸಮೇತ! ಅದು ಹೇಗೆ ಜೀರ್ಣ ಆಗುತ್ತದೋ ದೇವರೇ ಬಲ್ಲ.

ರಾಘು, ಇದು ನಿಮ್ಮ ಬೋನೇರ್‌ಗೂ ಸಂಬಂಧಪಟ್ಟಿದ್ದು. ಓಡಲಾರದ ಸ್ಪಂಜಿಗೆ ಉಳಿಯಲು ಎರಡು ಉಪಾಯ. ಒಂದು, ಮೈಯಲ್ಲಿ ಕಹಿ, ವಿಷ ತಯಾರಿಸಿಕೊಳ್ಳುವುದು. ಇನ್ನೊಂದು, ವಿಷದ ಖರ್ಚು ಉಳಿಸಿ ಬೇಗ ಬೇಗ ಬೆಳೆಯುವುದು, ಕಚ್ಚಿದ ಜಾಗ ಬೇಗ ತುಂಬಿಕೊಳ್ಳುವುದು. ನಾನು ಮೊದಲು ಹೇಳಿದ 69 ತಾಣಗಳ ಎಣಿಕೆ ನಾರ್ತ್ ಕ್ಯಾರೊಲಿನಾದ ಜೋಸೆಫ್ ಪಾವ್ಲಿಕ್ ಅವರ ಗುಂಪಿನದು, 2014ರದು. ಮೀನು ಉಳಿದಿರುವ ಕಡೆ ಕಹಿ ಸ್ಪಂಜು ಜಾಸ್ತಿ, ಮೀನನ್ನೆಲ್ಲ ಬಲೆಗೆ ಬಳಿದ ಕಡೆ ರುಚಿ ಸ್ಪಂಜು ಜಾಸ್ತಿ ಅಂತ ಅವರಿಗೆ ಕಂಡಿತು. ಬೋನೇರ್‌ನಲ್ಲಿ ಈಟಿ ಹಿಡಿದು ಮೀನು ಬೇಟೆಯಾಡುವುದನ್ನು 1971ರಲ್ಲೇ ನಿಲ್ಲಿಸಿದರು, 1979ರಿಂದ ದ್ವೀಪದ ಸುತ್ತಲಿನ ಕಡಲೇ ರಕ್ಷಿತ ಜಾಗ. ಏಂಜಲ್‌ಫಿಶ್ ದಂಡಿಯಾಗಿವೆ. ನೀವು ಕಂಡವುಗಳಲ್ಲಿ ಹೆಚ್ಚಿನವು ಮೀನಿನ ಬಾಯಿಗೆ ರುಚಿಸದವೇ ಇರಬೇಕು. ಜಮೈಕಾದಲ್ಲಿ ಇಳಿದರೆ ಬೇರೆ ಪಟ್ಟಿ ಸಿಗುತ್ತದೆ. ಇಲ್ಲ, ಮೀನಲ್ಲ, ಊಟವೇ ಎಲ್ಲವನ್ನೂ ನಿರ್ಧರಿಸುತ್ತದೆ ಅನ್ನುವ ಇನ್ನೊಂದು ಗುಂಪು ಇದೆ. ಆಳಕ್ಕೆ ಹೋದಂತೆ ಊಟ ಜಾಸ್ತಿ, ಅದಕ್ಕೇ ಅಲ್ಲಿ ಸ್ಪಂಜೂ ಜಾಸ್ತಿ ಅಂತ ಅವರ ವಾದ. ಎರಡು ಗುಂಪೂ ಪತ್ರಿಕೆಗಳಲ್ಲಿ ಒಬ್ಬರಿಗೊಬ್ಬರು ಉತ್ತರ ಬರೆದುಕೊಂಡು ಬರುತ್ತಿದ್ದಾರೆ. ನನ್ನ ಮಟ್ಟಿಗೆ, ಎಷ್ಟು ಸ್ಪಂಜು ಅನ್ನುವುದಕ್ಕೆ ಊಟ, ಯಾವ ಸ್ಪಂಜು ಅನ್ನುವುದಕ್ಕೆ ಮೀನು. ಆದರೆ ಇದು ಡಬ್ಬಿ ತೆರೆಯುವವಳ ಅಭಿಪ್ರಾಯ.

ಪ್ರಭು ಕಂಡ ಕಪ್ಪು ಪೇಂಟ್: ಆ ಹುಡುಗ ಹೇಳಿದ್ದು ಸರಿ ಇರುವ ಸಾಧ್ಯತೆ ಜಾಸ್ತಿ. ಟರ್ಪಿಯೋಸ್ ಹೋಶಿನೋಟಾ. ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಸ್ಪಂಜು. ಮೈತುಂಬ ಸಯನೋಬ್ಯಾಕ್ಟೀರಿಯಾ, ಅದಕ್ಕೇ ಆ ಕಪ್ಪು. ಜೀವಂತ ಹವಳದ ಮೇಲೆ ಹರಡಿ ಅದನ್ನು ಕೊಲ್ಲುತ್ತದೆ, ತಿಂಗಳಿಗೆ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ. ಗುವಾಮ್‌ನಲ್ಲಿ 1970ರ ದಶಕದಲ್ಲೇ ಇದರ ಹಾವಳಿ ಕಂಡಿತ್ತು. ಹೆಸರು ಸಿಕ್ಕಿದ್ದು 1993ರಲ್ಲಿ. ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ ಎರಡರಲ್ಲೂ ಇದು ಸಿಕ್ಕಿದೆ.

---

ತೀರ್ಥಹಳ್ಳಿ_ರಾಘು:

ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಊಟದ ಹೊತ್ತಲ್ಲಿ ಹೆಂಡತಿಗೂ ಓದಿ ಹೇಳಿದೆ. ಆಮೆ ಗಾಜು ತಿನ್ನುವುದನ್ನು ಕೇಳಿ ಮಗಳು ಊಟ ಬಿಟ್ಟು ಚಿತ್ರ ಬರೆಯಲು ಹೋದಳು.

ಒಂದೇ ಅನುಮಾನ ಉಳಿದಿದೆ. ಸ್ಪಂಜು ಜಾಸ್ತಿ ಇದ್ದರೆ ದಿಬ್ಬ ಆರೋಗ್ಯವಾಗಿದೆ ಅಂತಾನಾ, ಕೆಟ್ಟಿದೆ ಅಂತಾನಾ?

---

ಅಘನಾಶಿನಿ:

ಬರೀ ಎಷ್ಟಿದೆ ಅನ್ನುವುದರಿಂದ ಹೇಳಲಾಗದು. ಇಂಡೋನೇಷ್ಯಾದ ವಾಕಾಟೋಬಿಯಲ್ಲಿ ಸಂಪೇಲಾ ಅಂತ ಒಂದು ದಿಬ್ಬ ಇದೆ. ಪಕ್ಕದಲ್ಲೇ ಕಂಬಗಳ ಮೇಲೆ ಮನೆ ಕಟ್ಟಿಕೊಂಡ ಬಜೌ ಜನರ ಹಳ್ಳಿ. ನೀರಲ್ಲಿ ಕೆಸರು ಜಾಸ್ತಿ, ಹವಳ ಕಡಿಮೆ. ಅಲ್ಲಿ ಸ್ಪಂಜು ರಾಶಿ ರಾಶಿ ಇದೆ. ಆದರೆ ಹತ್ತಿರದ ಹೋಗಾ ದ್ವೀಪದ ಒಳ್ಳೆಯ ದಿಬ್ಬಗಳಿಗೆ ಹೋಲಿಸಿದರೆ ಜಾತಿಗಳು ಕಡಿಮೆ. ಲ್ಯಾಮೆಲೋಡಿಸಿಡಿಯಾ ಎಂಬ ಒಂದೇ ಸ್ಪಂಜು ಬಹಳಷ್ಟು ಜಾಗ ಹಿಡಿದುಕೊಂಡಿದೆ. ಜೇಮ್ಸ್ ಬೆಲ್ ಅವರ ತಂಡ ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ. ಮುಂದೆ ಕೆಲವು ಹವಳದ ದಿಬ್ಬಗಳು ಸ್ಪಂಜಿನ ದಿಬ್ಬಗಳಾಗಬಹುದಾ ಅಂತ ಅವರೇ 2013ರಲ್ಲಿ ಪ್ರಶ್ನೆ ಎತ್ತಿದ್ದರು. ನೀವು ಇಳಿದ ಕಡೆಯೆಲ್ಲ ಒಂದೇ ಥರದ ಸ್ಪಂಜು ಹಾಸಿಕೊಂಡಿದ್ದರೆ ಅನುಮಾನ ಪಡಿ. ಸುಣ್ಣದ ಹವಳದೊಳಗೆ ಕೊರೆದುಕೊಂಡು ಹೋಗುವ ಕ್ಲಿಯೋನಾ ಜಾಸ್ತಿ ಇದ್ದರೂ ಹಾಗೇ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಟೊಳ್ಳು.

ಹಾಗಂತ ಸ್ಪಂಜನ್ನು ಹಗೆ ಮಾಡಬೇಡಿ. ಪನಾಮಾದಲ್ಲಿ ವುಲ್ಫ್ ಮತ್ತು ಲಿಯೋ ಬಸ್ ಕೆಲವು ಸಣ್ಣ ದಿಬ್ಬಗಳಿಂದ ಸ್ಪಂಜು ಕಿತ್ತುಹಾಕಿ ನೋಡಿದರು. 1979ರ ವರದಿ. ಆರು ತಿಂಗಳಲ್ಲಿ ಆ ಕಡೆ ಶೇಕಡ 40ರಷ್ಟು ಹವಳ ಕಳಚಿ ಬಿದ್ದು ಹೋಯಿತು. ಮುಟ್ಟದೆ ಬಿಟ್ಟ ಕಡೆ ಶೇಕಡ 4 ಮಾತ್ರ. ಸ್ಪಂಜು ಹವಳಗಳನ್ನು ಬಂಡೆಗೆ ಅಂಟಿಸಿ ಹಿಡಿದಿತ್ತು. ನಿಮಗೆ ಹತ್ತಿರದ ಫ್ಲಾರಿಡಾ ಕೊಲ್ಲಿಯಲ್ಲಿ 1991ರ ಕೊನೆಯಿಂದ ಸಯನೋಬ್ಯಾಕ್ಟೀರಿಯಾ ಉಕ್ಕಿ ನೀರೆಲ್ಲ ಮಂಕಾಗಿ ಸ್ಪಂಜುಗಳು ಸತ್ತವು. ಅವುಗಳ ಅಡಿಯಲ್ಲಿ ಅಡಗುತ್ತಿದ್ದ ಮರಿ ಸಿಗಡಿಗಳಿಗೆ, ಅಂದರೆ ಅಲ್ಲಿಯವರು ಲಾಬ್‌ಸ್ಟರ್ ಅನ್ನುವ ದೊಡ್ಡ ಜಾತಿಯವಕ್ಕೆ, ಮನೆ ಇಲ್ಲದ ಹಾಗಾಯಿತು.

ಬೋನೇರ್‌ಗೆ ಮತ್ತೆ ಹೋದರೆ ಒಂದು ಮಾತು. ಕಂದು ಬಣ್ಣದ, ಒರಟು ಕೊಳಗದಂಥ ಸ್ಪಂಜೊಂದಿದೆ, ನಿಯೋಫಿಬುಲೇರಿಯಾ. ಕಡುಕೆಂಪು ತೇಪೆಯಂಥ ಟೆಡಾನಿಯಾ ಇನ್ನೊಂದು. ಮುಟ್ಟಿದರೆ ಚರ್ಮ ಉರಿಯುತ್ತದೆ, ತುರಿಕೆ ದಿನಗಟ್ಟಲೆ ಬಿಡುವುದಿಲ್ಲ. ಮಗಳಿಗೆ ಈಗಲೇ ಹೇಳಿಡಿ.

---

ಪ್ರಭು_ಮುರುಡೇಶ್ವರ:

ಅಕ್ಕಾ, ಕೊನೆಯ ಪ್ರಶ್ನೆ. ನೇತ್ರಾಣಿಯ ಸ್ಪಂಜುಗಳ ಪಟ್ಟಿ ಮಾಡೋಣ ಅಂತ ಇಲ್ಲಿ ನಾಲ್ಕೈದು ಹುಡುಗರು ತಯಾರಿದ್ದಾರೆ. ಚೂರು ಕಿತ್ತು ನಿಮಗೆ ಕಳಿಸಿದರೆ ಹೆಸರು ಹೇಳುತ್ತೀರಾ?

---

ಅಘನಾಶಿನಿ:

ಬೇಡ ಪ್ರಭು, ಕೀಳಬೇಡಿ. ಅನುಮತಿ ಇಲ್ಲದೆ ಕಿತ್ತರೆ ಕಾನೂನಿನ ತೊಂದರೆ, ದೇಶ ದಾಟಿಸುವುದಂತೂ ಆಗದ ಮಾತು. ಫೋಟೋ ಸಾಕು. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಒಂದು ದೂರದಿಂದ, ಒಂದು ಹತ್ತಿರದಿಂದ, ನೀರು ಬಿಡುವ ಬಾಯಿ ಕಾಣುವ ಹಾಗೆ. ಆಳ ಎಷ್ಟು, ಬಂಡೆಯ ಮೇಲೋ ಅಡಿಯೋ ಬರೆದುಕೊಳ್ಳಿ. ಫ್ಲ್ಯಾಶ್ ಹಾಕದಿದ್ದರೆ ಹತ್ತು ಮೀಟರಿನ ಕೆಳಗೆ ಕೆಂಪೆಲ್ಲ ಕಪ್ಪಾಗಿ ಕಾಣುತ್ತದೆ.

ಹೆಸರು ಹಿಡಿಯಲು ಹಳೇ ಕೆಲಸ ಇದೆ. ಸಿಲೋನಿನ ಮುತ್ತಿನ ಚಿಪ್ಪಿನ ಹಾಸುಗಳಿಂದ ಹರ್ಡ್‌ಮನ್ 1902ರಲ್ಲಿ ತಂದ ಸ್ಪಂಜುಗಳನ್ನು ಆರ್ಥರ್ ಡೆಂಡಿ 1905ರಲ್ಲಿ ವಿವರಿಸಿದರು. ನಮ್ಮ ದೇಶದಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪಿ. ಎ. ಥಾಮಸ್ ಜೀವನವಿಡೀ ಇದನ್ನೇ ಮಾಡಿದರು. ಅವರು ಕೆಲಸ ಮಾಡಿದ್ದು ಹೆಚ್ಚಾಗಿ ಮನ್ನಾರ್, ಪಾಕ್ ಕೊಲ್ಲಿಗಳ ಕಡೆ. ಹಾಗಾಗಿ ನೇತ್ರಾಣಿಯ ಪಟ್ಟಿ ಅದಕ್ಕೆ ಎಷ್ಟು ಹೊಂದುತ್ತದೆ ಅಂತ ನೋಡುವ ಆಸೆ ನನಗೂ ಇದೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಬಂಡೆಯ ಅಡಿಯಿಂದ ಶುರು ಮಾಡಿ. ಅಡಿಗೆ ಒಂದು ಫೋಲ್ಡರ್, ಮೇಲ್ಮೈಗೆ ಬೇರೆ ಫೋಲ್ಡರ್. ಎರಡನ್ನೂ ಸೇರಿಸಿ ಕಳಿಸಿದರೆ ನಾನು ತೆರೆಯುವುದೇ ಇಲ್ಲ.